ಕಡಲಿನ ದಿನಚರಿ: ಅಲ್ಪ ಸಂಪನ್ಮೂಲ, ದೀರ್ಘ ಅಧ್ಯಯನ

(ಪರಿಸರ ಗೋಷ್ಠಿಯೊಂದರಲ್ಲಿ ನೀಡಿದ ಉಪನ್ಯಾಸದ ಸಂಗ್ರಹ ರೂಪ)



ಮಲೆನಾಡಿನ ಅನೇಕ ಅಡಿಕೆ ಬೆಳೆಗಾರರ ಮನೆಯಂಗಳದಲ್ಲಿ ಮಳೆಮಾಪಕವಿರುತ್ತದೆ. ಒಂದು ವರ್ಷದ ಲೆಕ್ಕ ಬರಿಯ ಅಂಕಿ. ನಲವತ್ತು ವರ್ಷಗಳ ಲೆಕ್ಕ ಮಳೆಯ ಚರಿತ್ರೆ. ಸಮುದ್ರದ ಜೀವಜಾಲವನ್ನರಿಯಲೂ ಇಂಥದೇ ಲೆಕ್ಕ ಬೇಕು. ಆದರೆ ಸಂಶೋಧನಾ ಹಡಗು ದುಬಾರಿ. ಅನುದಾನದ ಅವಧಿ ಕೆಲವೇ ವರ್ಷ. ಕಡಲಿನ ಬದಲಾವಣೆ ಕಣ್ಣಿಗೆ ಬೀಳುವುದಕ್ಕೆ ದಶಕಗಳೇ ಬೇಕು.

ಬ್ರಿಟನ್ನಿನ ಜೀವವಿಜ್ಞಾನಿ ಆಲಿಸ್ಟರ್ ಹಾರ್ಡಿ ಇದಕ್ಕೊಂದು ದಾರಿ ತೋರಿದರು. 1925-27ರ ಅಂಟಾರ್ಕ್ಟಿಕ ಯಾನದಲ್ಲಿ ಅವರು ಪ್ಲವಕಗಳನ್ನು ಸಂಗ್ರಹಿಸುವ ಯಂತ್ರವೊಂದನ್ನು ರೂಪಿಸಿದರು. ಪ್ಲವಕಗಳೆಂದರೆ ನೀರಿನೊಡನೆ ತೇಲುವ ಸೂಕ್ಷ್ಮ ಸಸ್ಯಗಳು, ಪುಟ್ಟ ಪ್ರಾಣಿಗಳು. ಕಡಲಿನ ಆಹಾರ ಸರಪಳಿಗೆ ಅವೇ ಬುನಾದಿ. ಹಾರ್ಡಿಯವರು ಸ್ವಂತ ಹಡಗಿಗಾಗಿ ಕಾಯಲಿಲ್ಲ. 1931ರಿಂದ ವಾಣಿಜ್ಯ ಹಡಗುಗಳ ಹಿಂದೆಯೇ ಯಂತ್ರವನ್ನು ಕಟ್ಟಿ ಎಳೆಸಿದರು. ಒಳಹೊಕ್ಕ ನೀರು ಸುರುಳಿಯಾಗಿ ಸರಿಯುವ ರೇಷ್ಮೆಯ ಮೂಲಕ ಸೋಸಿಹೋಗುತ್ತದೆ, ಪ್ಲವಕಗಳು ಅದರಲ್ಲುಳಿಯುತ್ತವೆ. ಸುರುಳಿಯನ್ನು ತಿರುಗಿಸುವುದೂ ನೀರಿನ ಹರಿವೇ. ಎರಡನೆಯ ಮಹಾಯುದ್ಧದ ವರ್ಷಗಳನ್ನು ಬಿಟ್ಟರೆ ಈ ಕಾರ್ಯ ಇಂದಿಗೂ ನಡೆದುಬಂದಿದೆ.

ಇದರಿಂದ ಕಲಿಯಬೇಕಾದ ಮೊದಲ ಪಾಠ, ವಿಧಾನ ಸರಳವಾಗಿರಬೇಕು, ಬದಲಾಗಬಾರದು. ರೇಷ್ಮೆಯ ಹಸಿರನ್ನು ಕಣ್ಣಳತೆಯಲ್ಲೇ ನಾಲ್ಕು ದರ್ಜೆಗಳಾಗಿ ಗುರುತಿಸುವ ಕ್ರಮ ಒರಟೆನಿಸಬಹುದು. ಅದನ್ನೇ ಉಳಿಸಿಕೊಂಡದ್ದರಿಂದ ಹಳತನ್ನೂ ಹೊಸತನ್ನೂ ಹೋಲಿಸಲು ಸಾಧ್ಯವಾಯಿತು. ಈಶಾನ್ಯ ಅಟ್ಲಾಂಟಿಕ್‌ನಲ್ಲಿ ಬೆಚ್ಚನೆಯ ನೀರಿನ ಕೆಲವು ಪ್ಲವಕ ಜೀವಿಗಳು ಸುಮಾರು 10 ಡಿಗ್ರಿ ಅಕ್ಷಾಂಶದಷ್ಟು ಉತ್ತರಕ್ಕೆ ಸರಿದಿವೆಯೆಂಬುದು 2002ರಲ್ಲಿ ಪ್ರಕಟವಾದದ್ದು ಈ ದಾಖಲೆಯ ಬಲದಿಂದಲೇ.

ಎರಡನೆಯದು, ಮಾದರಿಗಳನ್ನು ಎಸೆಯಬಾರದು. 1960ರ ದಶಕದಿಂದ ಕಾಪಿಟ್ಟ ಮಾದರಿಗಳನ್ನು ಮರಳಿ ಪರೀಕ್ಷಿಸಿದಾಗ ಪ್ಲಾಸ್ಟಿಕ್ಕಿನ ಸೂಕ್ಷ್ಮ ತುಣುಕುಗಳು ಕಾಲಕ್ರಮದಲ್ಲಿ ಹೆಚ್ಚಿರುವುದು ಕಂಡಿತು. 2004ರಲ್ಲಿ ಇದು ಪ್ರಕಟವಾಯಿತು. ಮಾದರಿ ತೆಗೆದವರಿಗೆ ಆ ಪ್ರಶ್ನೆಯೇ ಇರಲಿಲ್ಲ.

ಮೂರನೆಯದು, ಹಣ ಕಡಿಮೆಯಾದಾಗ ಯಾವುದನ್ನು ಬಿಡಬೇಕೆಂಬ ವಿವೇಕ. ಕ್ಯಾಲಿಫೋರ್ನಿಯದಲ್ಲಿ, ಕರಾವಳಿಯ ಬೂತಾಯಿಯ ಬಳಗಕ್ಕೆ ಸೇರಿದ ಸಾರ್ಡೀನ್ ಮೀನು ಕುಸಿದಾಗ, ಕಾರಣವರಿಯಲು 1949ರಲ್ಲಿ ಸಮೀಕ್ಷೆ ಆರಂಭವಾಯಿತು. 1970ರ ದಶಕದಲ್ಲಿ ಅದನ್ನು ಮೂರು ವರ್ಷಗಳಿಗೊಮ್ಮೆ ಎಂದು ತಗ್ಗಿಸಲಾಯಿತು. ಪೆಸಿಫಿಕ್ ಸಾಗರದ 1976-77ರ ದೊಡ್ಡ ಪಲ್ಲಟ ನಡೆದದ್ದು ಆ ಬಿಡುವಿನಲ್ಲೇ. 1984ರಿಂದ ಕ್ಷೇತ್ರವನ್ನು ಕಿರಿದುಗೊಳಿಸಿ, ಪ್ರತಿವರ್ಷ ನಾಲ್ಕು ಬಾರಿ ಅಳೆಯುವ ಕ್ರಮ ಬಂತು. ಜಾಗ ಕಿರಿದಾದರೂ ಸರಿ, ಸರಣಿ ತುಂಡಾಗಬಾರದು.

ದಾಖಲೆಗೆ ಸಂಸ್ಥೆಯ ಆಸರೆಯೂ ಬೇಕು. ಹಾರ್ಡಿಯವರ ಕಾರ್ಯವೇ 1980ರ ದಶಕದ ಕೊನೆಯಲ್ಲಿ ಮುಚ್ಚುವ ಹಂತಕ್ಕೆ ಬಂದಿತ್ತು. ಅವರ ಹೆಸರಿನ ಪ್ರತಿಷ್ಠಾನ ಹುಟ್ಟಿ ಅದನ್ನುಳಿಸಿತು. ಹೋದ ವರ್ಷದ ಕಡಲನ್ನು ಈ ವರ್ಷ ಅಳೆಯಲು ಯಾವ ಹಣದಿಂದಲೂ ಆಗದು.

ಘಟ್ಟದ ಮೇಲಿನ ಜನರಿಗೂ ಇದು ಹೊರಗಿನ ಮಾತಲ್ಲ. ಶಿರಸಿಯ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ ಮೇಲಿನ ಮಣ್ಣನ್ನೂ ತರಗೆಲೆಯ ಸಾರವನ್ನೂ ಅಳಿವೆಗೆ ಒಯ್ಯುತ್ತದೆ. ಅಲ್ಲಿನ ಬಳಚು, ಸಿಗಡಿ, ಮೀನುಗಳ ಬದುಕು ಆ ನೀರನ್ನು ನಂಬಿದೆ. ಘಟ್ಟದ ಶಾಲೆಯೊಂದು, ಕರಾವಳಿಯ ಶಾಲೆಯೊಂದು ಜೊತೆಗೂಡಿ ಪ್ರತಿ ತಿಂಗಳ ಒಂದೇ ತಿಥಿಯಂದು, ಒಂದೇ ಸ್ಥಳದಲ್ಲಿ, ಭರತ-ಇಳಿತದ ಒಂದೇ ಹಂತದಲ್ಲಿ ನೀರಿನ ಉಷ್ಣತೆ, ಉಪ್ಪು, ಕದಡನ್ನು ಅಳೆದು ಬರೆದಿಡಬಹುದು. ಹತ್ತನೆಯ ತರಗತಿ ಮುಗಿಸಿ ಹೊರಡುವವರು ಪುಸ್ತಕವನ್ನೂ, ಅಳೆಯುವ ಕ್ರಮವನ್ನೂ ಕಿರಿಯರಿಗೆ ಒಪ್ಪಿಸಬೇಕು. ಆ ಪುಸ್ತಕದ ಮೊದಲ ಪುಟ ಈ ಮಳೆಗಾಲಕ್ಕೆ ಮುನ್ನ ತುಂಬಲಿ.