ಕಾಯಕವೂ ಲೆಕ್ಕದ ಶುದ್ಧಿಯೂ

(ಮಹೋತ್ಸವದ ವರ್ತಕರ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಇಂತಹ ಮಂಗಳಸಮಯದಲ್ಲಿ ಆದಾಯ ತೆರಿಗೆಯ ಮಾತೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಶ್ರೀಮಠದ ಭಕ್ತರಲ್ಲಿ ಅಂಗಡಿ, ಅಡತಿ, ಗಿರಣಿಗಳನ್ನು ನಡೆಸಿ ಜೀವಿಸತಕ್ಕವರು ಬಹುಮಂದಿ. ಲೆಕ್ಕವಿಡುವುದೂ ಅವರ ಕಾಯಕದ ಒಂದು ಅಂಗವೆಂದು ಅರಿಕೆ ಮಾಡಿಕೊಳ್ಳುವುದಕ್ಕಾಗಿಯೇ ನಾನು ನಿಂತಿದ್ದೇನೆ.

ಅಣ್ಣ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಅರಮನೆಯ ದ್ರವ್ಯವನ್ನು ಜಂಗಮರಿಗೆ ವೆಚ್ಚಮಾಡುತ್ತಿರುವರೆಂದು ಕೊಂಡೆಯರು ದೂರಲು, ಭಂಡಾರವನ್ನು ಎಣಿಸಿ ನೋಡಿದರೆಂದೂ ಏನೊಂದೂ ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಅಲ್ಲಿ ಸಂಶಯವನ್ನು ನೀಗಿದುದು ವಾದವಲ್ಲ, ಲೆಕ್ಕ.

ಇಂದಿನ ವರ್ತಕನಿಗೂ ಅದೇ ಪರೀಕ್ಷೆ ಒದಗುತ್ತದೆ. 1961ರ ಆದಾಯ ತೆರಿಗೆ ಕಾಯಿದೆಯ 37ನೆಯ ಕಲಮಿನಂತೆ ಲಾಭದಿಂದ ಕಳೆಯತಕ್ಕ ವೆಚ್ಚವು ಸಂಪೂರ್ಣವಾಗಿ, ಕೇವಲ ವ್ಯಾಪಾರಕ್ಕಾಗಿಯೇ ಮಾಡಿದುದಾಗಿರಬೇಕು. ಮನೆಯ ಖರ್ಚಾಗಲಿ ಬಂಡವಾಳದ ವೆಚ್ಚವಾಗಲಿ ಆಗಿರಕೂಡದು. 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ರಚಿಸಿದ 2025ರ ಕಾಯಿದೆಯಲ್ಲಿಯೂ ಇದೇ ತತ್ತ್ವವನ್ನು ಉಳಿಸಿಕೊಳ್ಳಲಾಗಿದೆ. ಆ ವೆಚ್ಚವು ಅನಿವಾರ್ಯವೇ ಆಗಿದ್ದಿರಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ ಸಸೂನ್ ಡೇವಿಡ್ ಕಂಪನಿಯ ಮೊಕದ್ದಮೆಯಲ್ಲಿ ಹೇಳಿತು. ಆದರೆ ವೆಚ್ಚವಾದುದು ನಿಜವೆಂದು ತೋರಿಸುವ ಹೊಣೆ ಕೇಳುವವನದೇ.

ನಾನು ಬಲ್ಲ ಹತ್ತಿಯ ವರ್ತಕರೊಬ್ಬರು ಹಮಾಲರಿಗೆ ದಿನದಿನವೂ ರೊಕ್ಕ ಕೊಡುತ್ತಿದ್ದರು, ರಸೀದಿ ಬರೆಯಿಸಿಕೊಳ್ಳುತ್ತಿರಲಿಲ್ಲ. ವಿಚಾರಣೆಯಲ್ಲಿ ಅಧಿಕಾರಿಗಳು ಆ ವೆಚ್ಚವನ್ನೆಲ್ಲ ತಳ್ಳಿಹಾಕಿದರು. “ಶಿವನೇ ಬಲ್ಲ, ನಾನು ಕೊಟ್ಟದ್ದು ನಿಜ” ಎಂದು ಅವರು ಕಣ್ಣೀರಿಟ್ಟರು. ಶಿವನು ಬಲ್ಲನು, ಅಧಿಕಾರಿಯು ಬಲ್ಲುದು ಹೇಗೆ? ಆಮೇಲೆ ತೂಕದ ಚೀಟಿಗಳನ್ನೂ ಲಾರಿಯ ರಸೀದಿಗಳನ್ನೂ ಹುಡುಕಿ ತೆಗೆದು, ಎಷ್ಟು ಅಂಡಿಗೆ ಹತ್ತಿ ಏರಿತು, ಎಷ್ಟು ಇಳಿಯಿತೆಂದು ಕೂಡಿಸಿ, ಮಾರುಕಟ್ಟೆ ಸಮಿತಿಯ ಹಮಾಲಿ ದರದಿಂದ ಗುಣಿಸಿ ಅಪೀಲಿನಲ್ಲಿ ತೋರಿಸಿದಾಗ ಒಂದು ಭಾಗ ಉಳಿಯಿತು, ಮಿಕ್ಕುದು ಹೋಯಿತು.

ಹೋದುದಕ್ಕೆ ಮತ್ತೊಂದು ಕಾರಣವೂ ಇದ್ದಿತು, ಸಂಕೋಚದಿಂದಲೇ ಹೇಳುತ್ತೇನೆ. ಜಾತ್ರೆಯ ದಾಸೋಹಕ್ಕೆ ಕೊಟ್ಟ ಹಣವನ್ನು ಅವರು ಅಂಗಡಿಯ ವೆಚ್ಚವೆಂದು ಬರೆದಿದ್ದರು. ಅದೊಂದು ಕಣ್ಣಿಗೆ ಬಿದ್ದ ಬಳಿಕ ಕಿರ್ದಿಯ ಪುಟಪುಟವೂ ಸಂಶಯಕ್ಕೀಡಾಯಿತು. ದಾಸೋಹವು ವ್ಯಾಪಾರದ ವೆಚ್ಚವಲ್ಲ. ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟ ದಾನಕ್ಕೆ ಆ ಕಾಯಿದೆಯಲ್ಲಿ ಬೇರೆಯ ಕಲಮೇ ಇದ್ದಿತು. ಧರ್ಮವನ್ನು ವ್ಯಾಪಾರದ ಹೆಸರಿನಲ್ಲಿ ಬರೆದರೆ ಎರಡೂ ಕೆಡುತ್ತವೆ.

ಹಾಗೆಂದು ಅಧಿಕಾರಿಗೂ ಮನಬಂದಂತೆ ನಡೆಯುವ ಅಧಿಕಾರವಿಲ್ಲ. ಕೇವಲ ಊಹೆ ಸಂಶಯಗಳ ಮೇಲೆ ತೆರಿಗೆಯನ್ನು ನಿರ್ಧರಿಸಕೂಡದೆಂದು 1954ರಲ್ಲಿ ಢಾಕೇಶ್ವರಿ ಹತ್ತಿ ಗಿರಣಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿದೆ. ಆದರೆ ಈ ರಕ್ಷಣೆಯು ಫಲಿಸಬೇಕಾದರೆ ನಮ್ಮ ಕೈಯಲ್ಲಿ ಆಧಾರವಿರಬೇಕು.

ಆದುದರಿಂದ ಕೊಟ್ಟ ದಿನವೇ ಬರೆಯಿರಿ: ಯಾರಿಗೆ, ಎಷ್ಟು, ಯಾವ ಕೆಲಸಕ್ಕೆ. ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗೆ ಮೀರಿ ನಗದಾಗಿ ಕೊಟ್ಟ ವೆಚ್ಚವು, ಕೆಲವು ವಿನಾಯಿತಿಗಳ ಹೊರತು, 1961ರ ಕಾಯಿದೆಯಂತೆ ನಿಜವಾಗಿದ್ದರೂ ತಳ್ಳಲ್ಪಡುತ್ತಿದ್ದಿತು. ಆದಕಾರಣ ದೊಡ್ಡ ಪಾವತಿಗಳು ಬ್ಯಾಂಕಿನ ಮೂಲಕವೇ ನಡೆಯಲಿ. ನೋಟೀಸು ಬಂದರೆ ಅವಧಿಯೊಳಗೆ ಉತ್ತರ ಕೊಟ್ಟು, ಇದ್ದ ಆಧಾರಗಳನ್ನೆಲ್ಲ ಮೊದಲನೆಯ ವಿಚಾರಣೆಯಲ್ಲಿಯೇ ಒಪ್ಪಿಸಿರಿ. ಅಪೀಲಿನಲ್ಲಿ ಹೊಸ ಆಧಾರವನ್ನು ಸುಲಭವಾಗಿ ಸ್ವೀಕರಿಸುವುದಿಲ್ಲ. 1941ರಲ್ಲಿ ಸ್ಥಾಪಿತವಾದ ಆದಾಯ ತೆರಿಗೆ ಅಪೀಲು ನ್ಯಾಯಮಂಡಲಿಯೇ ಸಂಗತಿಗಳ ನಿರ್ಣಯಕ್ಕೆ ಕೊನೆಯ ಸ್ಥಾನವೆನ್ನಬಹುದು. ಹೈಕೋರ್ಟಿನಲ್ಲಿ ವಿಚಾರಕ್ಕೆ ಬರುವುದು ಕಾಯಿದೆಯ ಮಹತ್ವದ ಪ್ರಶ್ನೆ ಮಾತ್ರ. ಕೆಳಗೆ ಕಳೆದ ರಸೀದಿಯು ಮೇಲೆ ಸಿಕ್ಕಲಾರದು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರಲು, ಲಕ್ಕಮ್ಮನವರು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ನಮ್ಮದಲ್ಲದುದನ್ನು ಕೇಳದಿರುವ, ನಮ್ಮದಾದುದನ್ನು ಆಧಾರಸಹಿತ ತೋರಿಸುವ ಶುದ್ಧಿಯು ನಮ್ಮ ಖಾತೆಗಳಲ್ಲಿ ನೆಲೆಸಲಿ ಎಂದು ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುತ್ತೇನೆ.