ಮಟ್ಟು ಅದೇ, ಸುತ್ತಲಿನದು ಬೇರೆ



ಹಳೆಯ ಕ್ರಿಸ್‌ಮಸ್ ಕ್ಯಾರಲ್‌ಗಳನ್ನು ರೂಢಿ ಮೀರಿ ಮರುಸಂಯೋಜಿಸಿದವರ ಬಗ್ಗೆ ಮಾತಾಡಲು ಇಲ್ಲಿ ಸೇರಿದ್ದೇವೆ. ಅದಕ್ಕೆ ಮುನ್ನ, ಆ ರೂಢಿ ಎಷ್ಟು ಹಳೆಯದು ಎಂದು ಕೇಳಿಕೊಳ್ಳೋಣ.

‘ಸೈಲೆಂಟ್ ನೈಟ್’ ಎಂದೊಡನೆ ಆರ್ಗನ್, ತುಂಬಿದ ಗಾಯನವೃಂದ, ಜೋಗುಳದ ನಿಧಾನ ನಡೆ ನೆನಪಾಗುತ್ತವೆ. 1818ರ ಡಿಸೆಂಬರ್ 24ರಂದು ಆಸ್ಟ್ರಿಯದ ಓಬರ್ನ್‌ಡೋರ್ಫ್‌ನಲ್ಲಿ ಅದು ಮೊದಲು ಕೇಳಿಸಿದ್ದು ಹಾಗಲ್ಲ. ಪಾದ್ರಿ ಯೋಸೆಫ್ ಮೋರ್ ಬರೆದ ಸಾಲುಗಳಿಗೆ ಪಕ್ಕದೂರಿನ ಮೇಷ್ಟ್ರು ಫ್ರಾಂಜ್ ಕ್ಸೇವರ್ ಗ್ರೂಬರ್ ಮಟ್ಟು ಹಾಕಿದರು. ಹಾಡಲು ಎರಡು ಕಂಠ, ಪಕ್ಕವಾದ್ಯವಾಗಿ ಒಂದು ಗಿಟಾರ್. ನಡೆಯೂ ಇಂದಿಗಿಂತ ಚುರುಕು. ಗಿಟಾರ್ ಭಾಗವಿರುವ ಮೋರ್ ಅವರ ಕೈಬರಹದ ಪ್ರತಿ ಬೆಳಕಿಗೆ ಬಂದದ್ದು 1995ರಲ್ಲಿ. ಅಂದರೆ ನಾವು ಮೂಲವೆಂದು ನಂಬಿಕೊಂಡಿರುವುದೇ ಒಂದು ಮರುಸಂಯೋಜನೆ.

ಇದೇ ಹಾಡನ್ನು 1978ರಲ್ಲಿ ಸಂಯೋಜಕ ಆಲ್ಫ್ರೆಡ್ ಷ್ನಿಟ್ಕೆ ಪಿಟೀಲು ಮತ್ತು ಪಿಯಾನೊಗೆ ಅಳವಡಿಸಿದರು, ಪಿಟೀಲುವಾದಕ ಗಿಡೊನ್ ಕ್ರೆಮರ್ ಅವರಿಗಾಗಿ. ಮಟ್ಟು ಸ್ಪಷ್ಟವಾಗಿಯೇ ಕೇಳಿಸುತ್ತದೆ. ಆದರೆ ಅದರ ಮಗ್ಗುಲಿಗೆ ಅಪಸ್ವರಗಳು ಬಂದು ನಿಲ್ಲುತ್ತವೆ. ಕೊನೆಗೆ ವಾದಕರು ಮಂದ್ರದ ತಂತಿಯನ್ನು ನುಡಿಸುತ್ತಲೇ ಸಡಿಲಿಸಬೇಕು. ಶ್ರುತಿ ಕುಸಿಯುತ್ತದೆ. ಇದನ್ನು ಅಣಕವೆಂದು ಕೇಳುವವರಿದ್ದಾರೆ. ನಾನು ಒಪ್ಪಲಾರೆ. ಅಣಕಿಸುವವರು ಮಟ್ಟನ್ನೇ ಕೆಡಿಸುತ್ತಾರೆ. ಷ್ನಿಟ್ಕೆ ಅದನ್ನು ಉಳಿಸಿಕೊಂಡು, ಅದರ ಶಾಂತಿ ನಮಗೆಷ್ಟು ದೂರವಾಗಿದೆ ಎಂದು ಕೇಳಿಸಿದರು. ಇದಕ್ಕೂ ಮೊದಲು, 1966ರಲ್ಲಿ, ಸೈಮನ್ ಮತ್ತು ಗಾರ್ಫಂಕಲ್ ಜೋಡಿ ಇದೇ ಹಾಡನ್ನು ಮೆಲುದನಿಯಲ್ಲಿ ಹಾಡಿ, ಅದರ ಮೇಲೆ ಸಂಜೆ ಏಳರ ವಾರ್ತೆ ಓದಿಸಿತು. ಹಾಡು ಬದಲಾಗುವುದಿಲ್ಲ, ವಾರ್ತೆಯ ದನಿ ಏರುತ್ತಾ ಹೋಗುತ್ತದೆ. ಅದರಲ್ಲಿ ವಿಯೆಟ್ನಾಂ ಯುದ್ಧವೂ ಇದೆ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಪ್ರಿಯವಾದದ್ದು ಸ್ವೀಡನ್ನಿನ ಯಾನ್ ಸಾಂಡ್‌ಸ್ಟ್ರೋಮ್ 1990ರಲ್ಲಿ ಮಾಡಿದ್ದು. ಜರ್ಮನಿಯ ಮಿಖಾಯೆಲ್ ಪ್ರೆಟೋರಿಯಸ್ 1609ರಲ್ಲಿ ಪ್ರಕಟಿಸಿದ ಗುಲಾಬಿಯ ಕ್ಯಾರಲ್‌ನ ನಾಲ್ಕು ಧ್ವನಿಗಳ ಸ್ವರಮೇಳವನ್ನು ಹಾಗೇ ಇಟ್ಟುಕೊಂಡು, ಅತಿ ವಿಳಂಬಕ್ಕೆ ಎಳೆದು, ಸುತ್ತಲೂ ಇನ್ನೊಂದು ವೃಂದದ ಎಂಟು ಧ್ವನಿಗಳ ಗುಂಯ್‌ಗುಟ್ಟುವಿಕೆಯನ್ನು ತುಂಬಿದರು. ಚಿರಪರಿಚಿತ ಹಾಡೊಂದರ ಒಂದೊಂದು ಸ್ವರವನ್ನೂ ಅಲ್ಲಿ ಕಾದು ಕೇಳಬೇಕಾಗುತ್ತದೆ.

ಮಾತು ಬದಲಾದರೂ ಹಾಡು ಬೇರೆಯಾಗುತ್ತದೆ. ಸಂಯೋಜಕ ಲಿಯೊಂಟೊವಿಚ್ ಅವರ ಉಕ್ರೇನಿಯನ್ ‘ಶ್ಚೆದ್ರಿಕ್’ ಹೊಸ ವರ್ಷಕ್ಕೆ ಸಮೃದ್ಧಿ ಹಾರೈಸುವ ಹಾಡು. 1936ರಲ್ಲಿ ಪೀಟರ್ ವಿಲ್ಹೌಸ್ಕಿ ಅದಕ್ಕೆ ಗಂಟೆಗಳ ಇಂಗ್ಲಿಷ್ ಸಾಹಿತ್ಯ ಬರೆದ ಮೇಲೆ ಅಮೆರಿಕದಲ್ಲಿ ಕ್ರಿಸ್‌ಮಸ್ ಹಾಡಾಯಿತು.

ಡ್ರಮ್ ಸೇರಿಸಿ ಗತಿ ಏರಿಸಿದ ಮಾತ್ರಕ್ಕೆ ಮರುಸಂಯೋಜನೆಯಾಗದು. ಹಾಡಿನೊಳಗೆ ಇದ್ದೂ ಕೇಳಿಸದೆ ಹೋದದ್ದು ಈಗ ಕೇಳಿಸಿತೆ? ಪ್ರಬಂಧ ಮಂಡಿಸುವವರು ಈ ಪ್ರಶ್ನೆಯನ್ನು ಬಿಡಬಾರದು.

ಇನ್ನೊಂದು ಕೆಲಸ ನಮ್ಮ ಮನೆಬಾಗಿಲಲ್ಲೇ ಇದೆ. ಕರ್ನಾಟಕದ ಚರ್ಚುಗಳಲ್ಲಿ ಈ ಮಟ್ಟುಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ನಾಲ್ಕು ಧ್ವನಿಗಳ ಸ್ವರಮೇಳ ಹಾರ್ಮೋನಿಯಂ, ತಬಲಾಗಳ ಜೊತೆ ಏನಾಗುತ್ತದೆ, ಕನ್ನಡದ ಹ್ರಸ್ವ ದೀರ್ಘಗಳಿಗೆ ಮಟ್ಟು ಎಲ್ಲಿ ಬಾಗುತ್ತದೆ? ಹಾಡುವ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರ ಹಾಡುಗಳನ್ನು ಧ್ವನಿಮುದ್ರಿಸಿ, ಸ್ವರಲಿಪಿ ಬರೆದಿಡಿ. ಇಲ್ಲಿರುವ ಯುವ ಸಂಶೋಧಕರು ಈ ಡಿಸೆಂಬರಿನಲ್ಲೇ ಅದನ್ನು ಶುರುಮಾಡಬೇಕೆಂದು ಕೇಳಿಕೊಳ್ಳುತ್ತೇನೆ.