ಪರದೆ ಎಲ್ಲಿ ಕಟ್ಟಬೇಕು? ಕ್ರೀಡಾಭಿಮಾನ ಮತ್ತು ನಮ್ಮ ಊರುಗಳು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕರ ವಸೂಲಾತಿ, ಕುಡಿಯುವ ನೀರು, ತ್ಯಾಜ್ಯ ವಿಲೇವಾರಿಗಳ ನಡುವೆ ಕ್ರಿಕೆಟ್ ಅಭಿಮಾನದ ಕುರಿತ ಮಾತು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಡಂಗುರ ಸಾರಿಸಿ, ಕರಪತ್ರ ಹಂಚಿಸಿದರೂ ಗ್ರಾಮಸಭೆಗೆ ಬಾರದ ಯುವಕರು 2025ರ ಜೂನ್ 3ರ ರಾತ್ರಿ ಯಾರೂ ಕರೆಯದೆಯೇ ಒಂದೆಡೆ ಸೇರಿದ್ದನ್ನು ತಾವು ನಿಮ್ಮ ನಿಮ್ಮ ಊರುಗಳಲ್ಲಿ ಕಂಡಿದ್ದೀರಿ.

ಆರ್‌ಸಿಬಿ ತಂಡವು 2008ರಿಂದ ಆಡುತ್ತಿದೆ. 2009, 2011 ಮತ್ತು 2016ರಲ್ಲಿ ಅಂತಿಮ ಪಂದ್ಯದವರೆಗೆ ಬಂದು ಸೋತಿತು. ಹದಿನೇಳು ಆವೃತ್ತಿಗಳ ಕಾಲ ಕಪ್ ಇಲ್ಲದ ತಂಡವನ್ನು ಜನ ಏಕೆ ತೊರೆಯಲಿಲ್ಲ? ನನಗೆ ತೋರುವಂತೆ, ಒಟ್ಟಿಗೆ ಕಾದವರ ನಡುವೆ ಒಂದು ನಂಟು ಬೆಳೆಯುತ್ತದೆ. ‘ಈ ಸಲ ಕಪ್ ನಮ್ದೇ’ ಎಂಬ ಮಾತು ಮೊದಲು ಆಸೆಯಾಗಿತ್ತು, ಆಮೇಲೆ ಅಣಕವಾಯಿತು, ಕೊನೆಗೆ ಅಪರಿಚಿತರಿಬ್ಬರು ಬಸ್ಸಿನಲ್ಲಿ ಮಾತಿಗೆ ತೊಡಗುವ ನೆಪವಾಯಿತು. ಅಲ್ಲಿ ‘ನೀನು ಯಾರ ಪೈಕಿ?’ ಎಂದು ಕೇಳುವವರಿಲ್ಲ.

ಆದರೆ ಈ ‘ನಮ್ದೇ’ ಎಂಬುದರೊಳಗೆ ಯಾರು ಯಾರು ಇದ್ದಾರೆ ಎಂಬ ಪ್ರಶ್ನೆ ನನಗೆ ಎದುರಾದದ್ದು ಅಂದಿನ ಮಧ್ಯಾಹ್ನ. ಯುವಕರು ಪಂಚಾಯತಿಯ ಪ್ರೊಜೆಕ್ಟರ್ ಕೇಳಿದರು. ದೇವಸ್ಥಾನದ ಮುಂದಿನ ಅಂಗಳದಲ್ಲಿ ಪರದೆ ಕಟ್ಟುವುದೆಂದು ನಿಶ್ಚಯವಾಗಿತ್ತು. ನಾನೂ ಹಿಂದುಮುಂದು ನೋಡದೆ ಒಪ್ಪಿದ್ದೆ. ಸ್ವಲ್ಪ ಹೊತ್ತಿನಲ್ಲಿ ಕಾಲೋನಿಯ ಹುಡುಗನೊಬ್ಬ ಅರಿವು ಕೇಂದ್ರಕ್ಕೆ ಬಂದು, ಮೇಲ್ವಿಚಾರಕರನ್ನು ಮೆಲುದನಿಯಲ್ಲಿ ಕೇಳಿದ: “ಅಣ್ಣಾ, ಶಾಲೆ ಹತ್ರ ಕಟ್ಟಿದ್ರೆ ನಾವೂ ಬರ್ಬಹುದಿತ್ತಲ್ವಾ?” ಅವನು ದೂರು ನೀಡಲಿಲ್ಲ, ಯಾರ ಹೆಸರನ್ನೂ ಎತ್ತಲಿಲ್ಲ. ಮೂರು ವರ್ಷ ಆ ಅಂಗಳದ ಪಕ್ಕದಲ್ಲೇ ಓಡಾಡಿದ ನನಗೆ ಹೊಳೆಯದ ವಿಷಯವನ್ನು ಅವನು ಒಂದೇ ಮಾತಿನಲ್ಲಿ ತಿಳಿಸಿದ. ಪರದೆಯನ್ನು ಶಾಲಾ ಮೈದಾನಕ್ಕೆ ಬದಲಾಯಿಸಿದೆವು. ವಿದ್ಯುತ್ ಸಂಪರ್ಕ ದೂರವೆಂದು ಕೆಲವು ಹಿರಿಯರು ಆಕ್ಷೇಪಿಸಿದರು. ವೈರ್ ಎಳೆಸಿದೆವು.

ಸುಮಾರು ಮುನ್ನೂರು ಜನ ಸೇರಿದರು. ಆರ್‌ಸಿಬಿ ಆರು ರನ್‌ಗಳಿಂದ ಗೆದ್ದಾಗ ಯಾರು ಯಾರನ್ನು ಅಪ್ಪಿಕೊಂಡರೆಂಬ ಲೆಕ್ಕ ಯಾರಿಗೂ ಇರಲಿಲ್ಲ. ಒಂದು ರಾತ್ರಿಯ ಪಂದ್ಯ ಜಾತಿಯನ್ನು ಅಳಿಸಿತೆಂದು ನಾನು ಹೇಳಲಾರೆ. ಮುಂದಿನ ಗ್ರಾಮಸಭೆಯಲ್ಲಿ ಅದೇ ಜನ ಮೊದಲಿನಂತೆಯೇ ಬೇರೆ ಬೇರೆ ಸಾಲುಗಳಲ್ಲಿ ಕುಳಿತರು. ಆದರೆ ನರೇಗಾ ಅಡಿಯಲ್ಲಿ ನಿರ್ಮಿಸಿದ ವಾಲಿಬಾಲ್ ಅಂಕಣಕ್ಕೆ ಸಮಯ ಕೋರಿ ಬಂದ ಅರ್ಜಿಯಲ್ಲಿ ಎರಡೂ ಕೇರಿಗಳ ಹೆಸರುಗಳು ಒಂದೇ ಪಟ್ಟಿಯಲ್ಲಿದ್ದವು. ಆ ಅರ್ಜಿಯನ್ನು ನಾನು ಕಡತದಲ್ಲಿ ಜೋಪಾನವಾಗಿ ಇರಿಸಿದ್ದೇನೆ.

ನನ್ನ ಲೋಪವೊಂದನ್ನೂ ಹೇಳಬೇಕು. ಬಂದಿದ್ದ ಹೆಣ್ಣುಮಕ್ಕಳೆಲ್ಲ ಮೊದಲ ಇನ್ನಿಂಗ್ಸ್ ಮುಗಿಯುತ್ತಿದ್ದಂತೆ ಎದ್ದು ಹೋದರು. ಆಸಕ್ತಿ ಇಲ್ಲವೆಂದು ನಾನು ಭಾವಿಸಿದೆ. ಮರುದಿನ ಕೇಳಿದಾಗ, ಶಾಲೆಯಿಂದ ಊರೊಳಗಿನ ದಾರಿಯಲ್ಲಿ ಬೀದಿದೀಪವಿಲ್ಲವೆಂದರು. ಆರ್‌ಸಿಬಿ ಹೆಸರಿಗೆ ಮೊದಲ ಕಪ್ ತಂದದ್ದು 2024ರಲ್ಲಿ ಸ್ಮೃತಿ ಮಂಧಾನಾ ನಾಯಕತ್ವದ ಮಹಿಳಾ ತಂಡ. ಅದನ್ನೂ ಆ ಹುಡುಗಿಯರೇ ನನಗೆ ನೆನಪಿಸಿದರು.

ಮರುದಿನ ಸಂಜೆಯ ಸುದ್ದಿ ತಮಗೆ ತಿಳಿದೇ ಇದೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿಯ ಕಾಲ್ತುಳಿತದಲ್ಲಿ 11 ಜನ ಮೃತಪಟ್ಟರು. ನಮ್ಮೂರಿನಿಂದ ಹೋಗಿದ್ದ ಇಬ್ಬರು ಹುಡುಗರು ರಾತ್ರಿ ಹತ್ತರವರೆಗೂ ಫೋನಿಗೆ ಸಿಗಲಿಲ್ಲ. ಆ ಹೊತ್ತಿನಲ್ಲಿ ಅವರ ತಾಯಂದಿರ ಜೊತೆ ಜಗುಲಿಯಲ್ಲಿ ಕುಳಿತಿದ್ದವರಲ್ಲಿ ನಾನೂ ಒಬ್ಬ. ಇಬ್ಬರೂ ಕ್ಷೇಮವಾಗಿ ಮರಳಿದರು. ಅಂದು ಹೊರಡಬೇಕಿದ್ದ ಟ್ರ್ಯಾಕ್ಟರ್ ಮೆರವಣಿಗೆಯನ್ನು ಯುವಕರೇ ಕೈಬಿಟ್ಟರು.

ಆ ರಾತ್ರಿ ನನಗೆ ಶಾಲೆಯ ಗೇಟು ನೆನಪಾಯಿತು. ಇಂಜಿನಿಯರಿಂಗ್ ಓದಿದ ಅಭ್ಯಾಸಬಲ. ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ಶಿಸ್ತಿನಿಂದ ನಡೆದರೆ ನಿಮಿಷಕ್ಕೆ ಸುಮಾರು 80 ಜನ ದಾಟಬಹುದು. ನಾವು ತೆರೆದಿಟ್ಟಿದ್ದು ಅಷ್ಟೇ ಅಗಲದ ಚಿಕ್ಕ ಗೇಟನ್ನು. ಮುನ್ನೂರು ಜನಕ್ಕೆ ನಾಲ್ಕು ನಿಮಿಷ ಬೇಕು. ಗಾಬರಿಯಾಗಿ ಒಮ್ಮೆಲೇ ನುಗ್ಗಿದರೆ ಆ ಲೆಕ್ಕವೂ ನಿಲ್ಲದು. ದೊಡ್ಡ ಗೇಟಿನ ಬೀಗದ ಕೈ ಯಾರ ಬಳಿ ಇತ್ತೆಂಬುದೇ ನಮಗೆ ಗೊತ್ತಿರಲಿಲ್ಲ.

ಈ ವಿಷಯದಲ್ಲಿ ಕೊಡಗಿನವರ ಪದ್ಧತಿ ಗಮನಾರ್ಹ. 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡಗಳಿಂದ ಆರಂಭವಾದ ಕೊಡವ ಹಾಕಿ ಉತ್ಸವದಲ್ಲಿ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳು ಆಡಿದವು. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡುವುದುಂಟು. ಅಲ್ಲಿನ ಅಭಿಮಾನ ಒಕ್ಕದ ಹೆಸರಿನದು, ಹುಟ್ಟಿನಿಂದ ಬಂದದ್ದು. ನಮ್ಮ ಮೈದಾನದ್ದು ಹಾಗಲ್ಲ, ಹಾಗಾಗಲೂಬಾರದು. ಆದರೆ ಪ್ರತಿ ವರ್ಷ ಒಂದು ಒಕ್ಕವು ಉತ್ಸವದ ಹೊಣೆ ಹೊರುತ್ತದೆ. ಯಾರನ್ನು ಕೇಳಬೇಕೆಂಬುದು ಎಲ್ಲರಿಗೂ ತಿಳಿದಿರುತ್ತದೆ.

ನಮ್ಮಲ್ಲಿ ಆ ಹೊಣೆಯನ್ನು ಪಂಚಾಯತಿಯೇ ಹೊರಬೇಕೆಂದು ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿದ್ದೇವೆ. ಪಂಚಾಯತಿಯ ಪ್ರೊಜೆಕ್ಟರನ್ನು ಎಲ್ಲರೂ ಮುಕ್ತವಾಗಿ ಬರಬಹುದಾದ ಜಾಗಕ್ಕೆ ಮಾತ್ರ ನೀಡುವುದು; ಒಬ್ಬ ಸದಸ್ಯರು ಮತ್ತು ಒಬ್ಬ ಸದಸ್ಯೆ ಕೊನೆಯವರೆಗೂ ಸ್ಥಳದಲ್ಲಿರುವುದು; ದೊಡ್ಡ ಗೇಟಿನ ಬೀಗದ ಕೈ ಅವರ ಬಳಿಯೇ ಇರುವುದು. ಶಾಲೆಯ ದಾರಿಗೆ ನಾಲ್ಕು ಬೀದಿದೀಪಗಳು ಮಂಜೂರಾಗಿದ್ದು, ಎರಡು ಉರಿಯುತ್ತಿವೆ. ಉಳಿದೆರಡಕ್ಕೆ ಕಂಬ ಬರಬೇಕಿದೆ.